ಅಕ್ಕನ ತೋಟದ ಗೇಟಿಗೆ ಬೀಗದವನ ಅಹವಾಲು

ಮಾನ್ಯ ಗೇಟು ಮಹಾಶಯರೇ,

ಕಂಪ್ಯೂಟರಿನೊಳಗಿನ ವರ್ಚುವಲ್ ಲೋಕದಲ್ಲಿ, ನನ್ನ ಅಕ್ಕನ ತೋಟದ ಮುಂದೆ, ಬಿಸಿಲಿಗೂ ಮಳೆಗೂ ಜಗ್ಗದೆ (ಅಲ್ಲಿ ಎರಡೂ ಇಲ್ಲವೆನ್ನುವುದು ಬೇರೆ ಮಾತು) ಕರ್ತವ್ಯನಿರತರಾಗಿರುವ ತಮಗೆ, ತಮ್ಮನ್ನು ಹುಟ್ಟಿಸಿದ ನಾನೇ ಕೈಮುಗಿದು ಬರೆಯುತ್ತಿರುವ ಪತ್ರವಿದು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಹೊರಗಿದ್ದೇನೆ.

ತಮಗೆ ಮರೆವು ಜಾಸ್ತಿಯಾದ್ದರಿಂದ ಹಿನ್ನೆಲೆ ಹೇಳಿಬಿಡುತ್ತೇನೆ. ಟೈಲರಿಂಗ್ ಮಾಡುವ ನಮ್ಮಕ್ಕ, ನನ್ನಿಂದ ಒಂದು ದಿನದ ರೈಲು ಪ್ರಯಾಣದಷ್ಟು ದೂರದಲ್ಲಿ, ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಳೆ. ಅರ್ಧ ಗಂಟೆ ಮಾತಿಲ್ಲದೆ ಇರಲಾರದವಳು. ಬಂಧುಬಳಗ ಪರದೆಯ ಮೇಲಿನ ಬೊಂಬೆಗಳ ರೂಪದಲ್ಲಾದರೂ ಬಂದು ಹರಟಲಿ ಎಂದು ಆ ಲೋಕದಲ್ಲೊಂದು ತೋಟ ಮಾಡಿಕೊಟ್ಟೆವು. ಕಂಡಕಂಡವರು ನುಗ್ಗಬಾರದಲ್ಲ, ಊರಿನ ಬೀಗಗಳನ್ನೆಲ್ಲ ರಿಪೇರಿ ಮಾಡುವ ನಾನು, ಇದೇನು ಮಹಾ ಎಂದುಕೊಂಡು, ಪುಸ್ತಕ ನೋಡಿ, ಕಂಪ್ಯೂಟರಿಗೆ ಅಪ್ಪಣೆ ಕೊಡುವ ಸ್ಕ್ರಿಪ್ಟ್ ಬರೆದು ತಮ್ಮನ್ನು ಅಲ್ಲಿ ನಿಲ್ಲಿಸಿದೆ.

ತಮ್ಮ ಜ್ಞಾಪಕಶಕ್ತಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಪ್ರತಿ ಸೋಮವಾರ ಬೆಳಿಗ್ಗೆ ಆ ಲೋಕವನ್ನು ಅದನ್ನು ನಡೆಸುವ ಕಂಪನಿಯವರು ಒಮ್ಮೆ ಆರಿಸಿ ಮತ್ತೆ ಹೊತ್ತಿಸುತ್ತಾರೆ. ಅಷ್ಟಕ್ಕೇ ತಾವು ಇಪ್ಪತ್ಮೂರು ಅತಿಥಿಗಳ ಹೆಸರನ್ನೂ ಮರೆತು ಹಾಯಾಗಿರುತ್ತೀರಿ. ಅಕ್ಕ ಮಲಗಿದಲ್ಲಿಂದಲೇ ಅಷ್ಟನ್ನೂ ಮತ್ತೆ ಟೈಪ್ ಮಾಡಬೇಕು. ಅವಳನ್ನು ಎತ್ತಿ ಆಡಿಸಿದ ಚಿಕ್ಕಮ್ಮನನ್ನು ಯಾರು ನೀವೆಂದು ಕೇಳಿದ್ದೀರಿ. ಪಕ್ಕದ ಕೋಣೆಯಿಂದಲೇ ಬಂದ ಭಾವನನ್ನು, ಅಂದರೆ ಅವಳ ಗಂಡನನ್ನು, ಹತ್ತು ನಿಮಿಷ ನಿಲ್ಲಿಸಿದ್ದೀರಿ. ತಪ್ಪು ನನ್ನದೇ ಅನ್ನಿ: ಆ ಪಟ್ಟಿಯನ್ನು ತಮ್ಮ ತಲೆಯಲ್ಲಷ್ಟೇ ಇಟ್ಟೆ, ಲೋಕ ಆರಿದರೂ ಅಳಿಯದ ಕಾಯಂ ಕಡತದಲ್ಲಿ ಇಡಲಿಲ್ಲ.

ಕಾಯಂ ಕಡತದಲ್ಲಿ ನಾನಿಟ್ಟದ್ದು ಒಂದೇ ಹೆಸರು. ಹೊಸ ಬೀಗವನ್ನು ಹೊರಗೆ ನಿಂತು ತನ್ನ ಮೇಲೆಯೇ ಪರೀಕ್ಷಿಸಿ ನೋಡುವುದು ನಮ್ಮ ಕಸುಬಿನ ರೂಢಿ. 'ಒಳಗೆ ಬಿಡಬಾರದವರು' ಎಂಬಲ್ಲಿ ನನ್ನ ಹೆಸರು ಬರೆದೆ, ತಾವು ಬಿಡಲಿಲ್ಲ, ನಾನು ಹಿಗ್ಗಿದೆ. ಆ ಹಿಗ್ಗಿನಲ್ಲಿ ಹೆಸರು ಅಳಿಸುವುದನ್ನು ಮರೆತು, ತಮ್ಮನ್ನು ಅಕ್ಕನಿಗೆ ಉಡುಗೊರೆಯಾಗಿ ವರ್ಗಾಯಿಸಿಬಿಟ್ಟೆ. ಈಗ ಕಡತ ಮುಟ್ಟುವುದಕ್ಕೂ ಸ್ಕ್ರಿಪ್ಟ್ ತಿದ್ದುವುದಕ್ಕೂ ಅಧಿಕಾರ ಅವಳಿಗೆ ಮಾತ್ರ. ಕೀಲಿ ಕಳೆದುಕೊಂಡ ಅದೆಷ್ಟೋ ಜನರನ್ನು ಮನೆ ಸೇರಿಸಿದ ನಾನು, ಒಳಗಿನ ನಗು ಕೇಳಿಸಿಕೊಳ್ಳುತ್ತ ಬೇಲಿಯ ಪಕ್ಕ ನಿಂತಿದ್ದೇನೆ. ನನಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ವಿನಂತಿ ಇಷ್ಟೇ: ಚಿಕ್ಕಮ್ಮನನ್ನು ಮರೆತಷ್ಟೇ ಧಾರಾಳವಾಗಿ ನನ್ನನ್ನೂ ಒಮ್ಮೆ ಮರೆಯಿರಿ. ಅದಾಗದಿದ್ದರೆ ಒಂದು ದಿನ ರಜೆ ಹಾಕಿ. ಅದೂ ಆಗದಿದ್ದರೆ ದಯವಿಟ್ಟು ಸ್ವಲ್ಪ ತುಕ್ಕು ಹಿಡಿಯಿರಿ. ತುಕ್ಕು ಹಿಡಿದವರನ್ನು ಹೇಗೆ ಒಲಿಸಿಕೊಳ್ಳಬೇಕೆಂದು ನನಗೆ ಗೊತ್ತು.

ಅಕ್ಕನನ್ನೇ ಕೇಳಬಹುದಿತ್ತಲ್ಲ ಎನ್ನುವಿರಿ. ಈ ಪತ್ರ ಇಷ್ಟು ಬರೆದಾದ ಮೇಲೆ ಕೇಳಿದೆ. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. "ಸೋಮವಾರ ನೋಡಿದ್ರೆ ಎಲ್ಲರ ಹೆಸರೂ ಹೋಗಿರುತ್ತೆ ಕಣೋ, ನಿನ್ನದೊಂದೇ ಉಳಿದಿರುತ್ತೆ. ಅದನ್ನೂ ಅಳಿಸು ಅಂತೀಯಾ?" ಎಂದಳು. ಆಮೇಲೆ ಇಪ್ಪತ್ಮೂರು ಜನರನ್ನೂ ಒಳಗೇ ಬಿಟ್ಟು, ತಾನೇ ಬೊಂಬೆಯಾಗಿ ಹೊರಗೆ ಬಂದು ಬೇಲಿಯ ಪಕ್ಕದ ಕಟ್ಟೆಯ ಮೇಲೆ ನನ್ನ ಜೊತೆ ಕೂತಳು. ಸಂಜೆಯವರೆಗೂ ಹರಟಿದೆವು. ಪತ್ರವನ್ನು ಹರಿದು ಹಾಕಬಹುದಿತ್ತು, ಆದರೆ ಬರೆದ ಶ್ರಮ ಹಾಳಾಗುತ್ತದೆ ನೋಡಿ.

ಇಂತು, ಹೊರಗೇ ನಿಂತಿರುವ
ತಮ್ಮ ವಿಶ್ವಾಸಿ,
ಬೀಗದವನು

ವಿ.ಸೂ.: ಮುಂದಿನ ವಾರ ಅಕ್ಕನ ಪ್ಲಾಸ್ಟರ್ ಬಿಚ್ಚುತ್ತಾರೆ, ನಾನು ರೈಲಿನ ಟಿಕೆಟ್ ತೆಗೆಸಿದ್ದೇನೆ. ಅವಳ ಮನೆಯ ಬಾಗಿಲಿಗೆ ಸ್ಕ್ರಿಪ್ಟೂ ಇಲ್ಲ, ಕಾಯಂ ಕಡತವೂ ಇಲ್ಲ, ಯಾರ ನೆನಪೂ ಇಲ್ಲ. ತಟ್ಟಿದರೆ ಯಾರಾದರೂ ಬಂದು ತೆರೆಯುತ್ತಾರೆ.