ಪಕ್ಕದ ಸೀಟು ಖಾಲಿ ಬಿದ್ದ ಹಳೆಯ ಕಾರಿಗೆ ಜೋರು ಸೈಲೆನ್ಸರ್ ಆರಿಸುವ ಕುರಿತು

ಹಾರ್ಬರ್ ಫೋರ್ಕ್ ಹಳೆಯ ಕಾರುಗಳ ಸಂಘ, ಮಿಶಿಗನ್
ಸದ್ದು ವಿಭಾಗ
(ಕಚೇರಿ: ವಿಟ್ಕೋವ್ಸ್ಕಿಯವರ ಗ್ಯಾರೇಜು, ಬಿಯರ್ ಫ್ರಿಜ್ಜಿನ ಎಡಕ್ಕೆ)

ಸಂಖ್ಯೆ: ಹಾಫೋ/ಸದ್ದು/ಗುಡುಗು/೮
ದಿನಾಂಕ: ಆಗಸ್ಟ್ ಮೆರವಣಿಗೆಯ ಹಿಂದಿನ ಗುರುವಾರ

ಸುತ್ತೋಲೆ

ವಿಷಯ: ಎಂಟು ಸಿಲಿಂಡರಿನ ಹಳೆಯ ಕಾರುಗಳಿಗೆ ಜೋರು ಸೈಲೆನ್ಸರ್ ಆಯ್ಕೆ ಮಾಡುವಾಗ ಅನುಸರಿಸಬೇಕಾದ ಶಿಸ್ತಿನ ಬಗ್ಗೆ.

ಉಲ್ಲೇಖ: ೧. ಶ್ರೀಮತಿ ಡೆಲ್ಫೀನ್ ವಿಟ್ಕೋವ್ಸ್ಕಿಯವರು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕಾರಿನಿಂದ ಇಳಿದು ನೀಡಿದ ಮೌಖಿಕ ಹೇಳಿಕೆ.
೨. ಅದೇ ಹೇಳಿಕೆ, ಇನ್ನಷ್ಟು ಜೋರಾಗಿ.

ಪ್ರಸ್ತಾವನೆ:

ಸಂಘದ ಸದಸ್ಯರಾದ ಲೆನಾರ್ಡ್ ವಿಟ್ಕೋವ್ಸ್ಕಿಯವರ (ಇವರೇ ಈ ವಿಭಾಗದ ಮುಖ್ಯಾಧಿಕಾರಿಯೂ ಆಗಿರುವುದು ಕೇವಲ ಕಾಕತಾಳೀಯ) ೧೯೬೯ರ ಕಿತ್ತಳೆ ಬಣ್ಣದ ಪಾಂಟಿಯಾಕ್ ಕಾರು ಹ್ಯೂರಾನ್ ಸರೋವರದ ಈ ದಡದಲ್ಲೂ ಆ ದಡದಲ್ಲೂ ಸಾಟಿಯಿಲ್ಲದ್ದು ಎಂಬುದನ್ನು, ಯಾರೂ ಕೇಳದಿದ್ದರೂ, ಈ ಮೂಲಕ ದೃಢೀಕರಿಸಲಾಗಿದೆ. ಸದರಿ ಕಾರು ಮೊದಲ ಬಾರಿ ಗುಡುಗಿದಾಗ ಕೆನಡಾದಿಂದ ಹೊರಟಿದ್ದ ಬಾತುಗಳ ಹಿಂಡು ಚಳಿಗಾಲವನ್ನು ಅಲ್ಲೇ ಕಳೆಯಲು ನಿರ್ಧರಿಸಿ ಹಿಂತಿರುಗಿದ್ದಕ್ಕೆ ಸಾಕ್ಷಿಗಳಿದ್ದಾರೆ. ವಿಭಾಗವು ಸುಳ್ಳು ಹೇಳುವುದಿಲ್ಲ; ನಿಜವನ್ನು ಕೊಂಚ ಜೋರಾಗಿ ಹೇಳುತ್ತದೆ.

ಮದುವೆಯ ದಿನ ಶ್ರೀಮತಿ ಡೆಲ್ಫೀನ್ ಅವರನ್ನು ಚರ್ಚಿನಿಂದ ಮನೆಗೆ ಕರೆತಂದದ್ದು ಇದೇ ಕಾರಿನಲ್ಲಿ. ಅಂದಿನಿಂದ ಒಂದು ಆಗಸ್ಟನ್ನೂ ತಪ್ಪಿಸದೆ, ಮೆರವಣಿಗೆಯಲ್ಲಿ ಚಾಲಕರ ಪಕ್ಕದ ಬಲಗಡೆಯ ಸೀಟಿನಲ್ಲಿ ಕುಳಿತು ಅವರು ಊರಿಗೆಲ್ಲ ಕೈಬೀಸುತ್ತಾ ಬಂದಿದ್ದಾರೆ. ಈ ವಸಂತದಲ್ಲಿ ಹಳೆಯ ಸೈಲೆನ್ಸರ್ ತುಕ್ಕು ತಿಂದು ಕಳಚಿಬಿತ್ತು. ಮುಖ್ಯಾಧಿಕಾರಿಗಳು ಡೋನಟ್ ಅಂಗಡಿಯ ಮುಂದೆ ನಿಂತಿದ್ದ ಮೆಕ್ಯಾನಿಕ್ ರಸ್ ಹಾಲ್ವರ್ಸನ್ ಅವರ ಕಾರಿನ ಬಾಲದ ಹಿಂದೆ ನಿಂತು, ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ಅದರ ಸದ್ದು ಆಲಿಸಿ, ಅಂಥದ್ದೇ ಸೈಲೆನ್ಸರ್ ಜೋಡಿಯನ್ನು ತಮ್ಮ ಕಾರಿಗೂ ಹಾಕಿಸಿಕೊಂಡರು. ನಿಂತ ಕಾರಿನ ಹಿಂದೆ ಸಂಗೀತವಾಗಿದ್ದದ್ದು, ಹೆದ್ದಾರಿಯಲ್ಲಿ ಅರವತ್ತು ಮೈಲಿ ವೇಗ ಮುಟ್ಟಿದಾಗ ಕಾರಿನ ಒಳಗೆ ಏನಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಬಿಟ್ಟುಹೋಗಿತ್ತು. ಉಲ್ಲೇಖಿತ ಹೇಳಿಕೆಯು ಯಥಾವತ್ತಾಗಿ ಹೀಗಿದೆ:

"ಲೆನ್ನಿ, ತಲೆಯೊಳಗೆ ಯಾರೋ ಜೇನುಗೂಡು ಇಟ್ಟಂಗಾಗಿದೆ ಕಣೋ! ಕಟ್ಟಿಸಿದ ಹಲ್ಲೆಲ್ಲ ಅಲ್ಲಾಡ್ತಾ ಇದೆ. ನಾನಿನ್ನು ಇದರಲ್ಲಿ ಕೂರಲ್ಲ. ಮೆರವಣಿಗೆಗೆ ಬೇಕಾದ್ರೆ ನಾಯೀನ ಕೂರಿಸ್ಕೊಂಡು ಹೋಗು!"

ನಾಯಿಯೂ ಒಪ್ಪಿಲ್ಲ. ಖಾಲಿ ಸೀಟಿನೊಂದಿಗೆ ಮೆರವಣಿಗೆಯಲ್ಲಿ ಹೋಗುವುದಕ್ಕಿಂತ ಕಾರಿಗೆ ಹೊದಿಕೆ ಹೊದಿಸಿ ಷೆಡ್ಡಿನಲ್ಲೇ ಬಿಡುವುದು ಲೇಸೆಂದು ಮುಖ್ಯಾಧಿಕಾರಿಗಳು ಅಭಿಪ್ರಾಯಪಟ್ಟಿದ್ದು, ಆ ಅಭಿಪ್ರಾಯವನ್ನು ವ್ಯಕ್ತಪಡಿಸುವಾಗ ಅವರ ಕಣ್ಣಲ್ಲಿ ಕಂಡುಬಂದದ್ದು ಪೆಟ್ರೋಲ್ ಹೊಗೆಯ ಪರಿಣಾಮವೆಂದು ದಾಖಲಿಸಲಾಗಿದೆ.

ಆದ್ದರಿಂದ ಎಲ್ಲ ಸದಸ್ಯರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಬೇರೆಯವರ ಕಾರಿನ ಸದ್ದು ಆಲಿಸುವ ಸದಸ್ಯರು ಕೈಕಟ್ಟಿ, ಗದ್ದವನ್ನು ತುಸು ಮೇಲೆತ್ತಿ ನಿಲ್ಲತಕ್ಕದ್ದು. ಸದ್ದು ಚೆನ್ನಾಗಿದ್ದಲ್ಲಿ "ಹ್ಞೂಂ" ಎನ್ನಬಹುದು. ಬಹಳ ಚೆನ್ನಾಗಿದ್ದಲ್ಲಿ ಏನನ್ನೂ ಹೇಳದೆ ದೂರ ನೋಡತಕ್ಕದ್ದು. "ಆಹಾ" ಎಂದವರ ಸದಸ್ಯತ್ವವನ್ನು ಮರುಪರಿಶೀಲಿಸಲಾಗುವುದು.

೨. ಫೋನಿನಲ್ಲಿ ಹಿಡಿದಿಟ್ಟ ಸದ್ದನ್ನು ಆಧಾರವಾಗಿ ಪರಿಗಣಿಸಲಾಗುವುದಿಲ್ಲ. ಫೋನಿನಲ್ಲಿ ಸಿಂಹವೂ ಡಬ್ಬಿಯೊಳಗಿನ ಸೊಳ್ಳೆಯೇ.

೩. ಕಾರು ನಿಲುಗಡೆಯ ಜಾಗದಲ್ಲಿ ಎಂಜಿನ್ ಚಾಲೂ ಮಾಡಿದಾಗ ಅಕ್ಕಪಕ್ಕದ ಹೊಸ ಕಾರುಗಳ ಅಲಾರಂಗಳು ಹೆದರಿ ಕಿರುಚಿಕೊಳ್ಳುವುದನ್ನು ಸಾಧನೆಯೆಂದು ಪರಿಗಣಿಸಲಾಗುವುದು. ಆದರೆ ಒಂದು ಸಾಲಿಗಿಂತ ಹೆಚ್ಚು ಕಾರುಗಳು ಕಿರುಚಿಕೊಂಡಲ್ಲಿ ಅದು ಜಂಬವಾಗುತ್ತದೆ. ಜಂಬಕ್ಕೆ ಮುಖ್ಯಾಧಿಕಾರಿಗಳ ಪೂರ್ವಾನುಮತಿ ಅಗತ್ಯ. (ಮುಖ್ಯಾಧಿಕಾರಿಗಳಿಗೆ ವಿನಾಯಿತಿ ಇದೆ.)

೪. ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆಗೆ ಮುಂಚೆ ಕಾರನ್ನು ಚಾಲೂ ಮಾಡದೆ, ನಮಗೆ ಆಗದವರ ಮನೆಯ ಟಪಾಲು ಡಬ್ಬಿಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಚಾಲೂ ಮಾಡತಕ್ಕದ್ದು. "ನನ್ನ ಗಾಡಿ ಅಷ್ಟೇನೂ ಜೋರಿಲ್ಲ" ಎನ್ನುವವರು ಉಳಿದವರ ಗಾಡಿಗಳನ್ನೂ ತಳ್ಳತಕ್ಕದ್ದು.

೫. ರೈಲು ಸೇತುವೆಯ ಕೆಳಗೆ ಹಾದುಹೋಗುವಾಗ ಗಾಜು ಇಳಿಸಿ, ಒಮ್ಮೆ ಗುಡುಗಿಸಿಯೇ ಮುಂದೆ ಹೋಗತಕ್ಕದ್ದು. ಶವಯಾತ್ರೆಗಳಿಗೆ ಇದರಿಂದ ವಿನಾಯಿತಿ ನೀಡಲಾಗಿದೆ. ಮೃತರು ಸಂಘದ ಸದಸ್ಯರಾಗಿದ್ದ ಪಕ್ಷದಲ್ಲಿ ವಿನಾಯಿತಿ ರದ್ದಾಗಿ, ಎರಡು ಬಾರಿ ಗುಡುಗಿಸತಕ್ಕದ್ದು.

೬. ಪೊಲೀಸರು ತಡೆದಲ್ಲಿ ವಿನಯದಿಂದ ವರ್ತಿಸತಕ್ಕದ್ದು. ಕಳೆದ ತಿಂಗಳು ಮುಖ್ಯಾಧಿಕಾರಿಗಳನ್ನು ತಡೆದ ಪೇದೆ ಗುಂಡರ್ಸನ್ ಅವರ ಹೇಳಿಕೆ: "ದಂಡ ಹಾಕೋಕೆ ನಿಲ್ಸಿದ್ದಲ್ಲ ಮಾರಾಯ. ಅಲ್ಲಿ ನಾನು ರೇಡಿಯೋದಲ್ಲಿ ಮಾತಾಡ್ತಿದ್ದೆ, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಗುಡುಗ್ಸು, ನೋಡೋಣ." ಇಂಥ ಸಂದರ್ಭದಲ್ಲಿ ಸರ್ಕಾರಿ ನೌಕರರ ಕೋರಿಕೆಯನ್ನು ತಿರಸ್ಕರಿಸುವುದು ಕಾನೂನುಬಾಹಿರ.

೭. ಕಾರಿನೊಳಗಿನ ಮೊರೆತವನ್ನು ಅಳೆಯಲು, ಒಂದು ಬಟ್ಟಲು ಆಲೂಗಡ್ಡೆ ಸಲಾಡನ್ನು ಪಕ್ಕದ ಸೀಟಿನಲ್ಲಿಟ್ಟು ಅರವತ್ತು ಮೈಲಿ ವೇಗದಲ್ಲಿ ಓಡಿಸತಕ್ಕದ್ದು. ಸಲಾಡು ನಡುಗಿದರೆ ತೇರ್ಗಡೆ. ಬಟ್ಟಲೇ ಅಲುಗಿದರೆ ಎಚ್ಚರಿಕೆ. ಬಟ್ಟಲು ತಾನಾಗಿಯೇ ಬಾಗಿಲ ಕಡೆಗೆ ನಡೆದುಹೋದಲ್ಲಿ, ಹೆಂಡತಿಯೂ ಹಾಗೆಯೇ ಮಾಡುವರೆಂದು ತಿಳಿಯತಕ್ಕದ್ದು.

೮. ಮೇಲ್ಕಂಡ ನಿಯಮದಂತೆ ಹಲವು ಜೋಡಿ ಸೈಲೆನ್ಸರುಗಳನ್ನು ಹಾಕಿ, ಬಿಚ್ಚಿ, ಸಾಕಷ್ಟು ಸಲಾಡನ್ನು ನೆಲದಿಂದ ಒರೆಸಿದ ಮೇಲೆ, ಮುಖ್ಯಾಧಿಕಾರಿಗಳು ಎದೆ ಗಟ್ಟಿ ಮಾಡಿಕೊಂಡು, ಅಜ್ಜಿಯರ ಕಾರಿಗೆ ಹಾಕುವಂಥ ಮೌನದ ಜೋಡಿಯೊಂದನ್ನು ತಮ್ಮ ಪಾಂಟಿಯಾಕಿಗೆ ಹಾಕಿಸಿದರು. ಅದನ್ನು ಕೂರಿಸಿ ಮುಗಿಸಿದ ಮೇಲೆ ಮೆಕ್ಯಾನಿಕ್ ರಸ್ ಅವರು ತಲೆಯ ಮೇಲಿನ ಟೋಪಿಯನ್ನು ತೆಗೆದು ಎದೆಗೆ ಹಿಡಿದರು. ಮಾರನೆಯ ದಿನವೇ ಎದುರು ಮನೆಯ ಬರ್ನಿಸ್ ಅವರು ಹುರುಳಿಕಾಯಿಯ ಕ್ಯಾಸರೋಲ್ ಎಂಬ ಅಡುಗೆಯ ಪಾತ್ರೆ ಹಿಡಿದು ಬಾಗಿಲಿಗೆ ಬಂದು, "ಡೆಲ್ಫೀನ್, ಗಾಡಿ ಸದ್ದೇ ಇಲ್ವಲ್ಲೇ... ಲೆನ್ನಿ ಹೋಗ್ಬಿಟ್ನಾ?" ಎಂದು ಕಣ್ಣೊರೆಸಿಕೊಂಡರು. ಬದುಕಿರುವುದನ್ನು ಮುಖ್ಯಾಧಿಕಾರಿಗಳೇ ಖುದ್ದಾಗಿ ಹೊರಬಂದು ಸಾಬೀತುಪಡಿಸಬೇಕಾಯಿತು. ಸಾವಿನ ಮನೆಗೆಂದು ತಂದ ಕ್ಯಾಸರೋಲನ್ನು ವಾಪಸು ಮಾಡಿಲ್ಲ.

೯. ನಿನ್ನೆ, ಬುಧವಾರ, ಶ್ರೀಮತಿ ಡೆಲ್ಫೀನ್ ಅವರು ಪರೀಕ್ಷಾರ್ಥವಾಗಿ ಬಲಗಡೆಯ ಸೀಟಿನಲ್ಲಿ ಕುಳಿತರು. ಸರೋವರದ ದಡದ ದೀಪಸ್ತಂಭದವರೆಗೆ ಹೋಗಿ ಬರುವುದೆಂದು ತೀರ್ಮಾನವಾಯಿತು. ಮೊದಲ ಮೈಲಿಯಲ್ಲಿ ಅವರು ನಕ್ಕಿದ್ದನ್ನು ಮುಖ್ಯಾಧಿಕಾರಿಗಳು ಕಣ್ಣಾರೆ ಕಂಡಿದ್ದಾರೆ. ಕಾರು ನಿಶ್ಶಬ್ದವಾಗಿದ್ದುದರಿಂದ, ಮದುವೆಯಾದಂದಿನಿಂದ ಇದೇ ಮೊದಲ ಬಾರಿಗೆ ಚಾಲನೆಯ ಸಮಯದಲ್ಲಿ ಮುಖ್ಯಾಧಿಕಾರಿಗಳ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಮುಖ್ಯಾಧಿಕಾರಿಗಳು ಈ ಅವಕಾಶವನ್ನು ಬಳಸಿಕೊಂಡು ಕಾರ್ಬ್ಯುರೇಟರಿನ ಬಗ್ಗೆ, ತಾವು ಯೌವನದಲ್ಲಿ ಗೆದ್ದ ಪಂದ್ಯದ ಬಗ್ಗೆ, ಆ ಪಂದ್ಯದಲ್ಲಿ ಸೋತವನ ಕಾರ್ಬ್ಯುರೇಟರಿನ ಬಗ್ಗೆ, ಹಾಗೂ ತಮ್ಮ ಷಡ್ಡಕನಿಗೆ ಗೇರ್ ಹಾಕಲು ಬಾರದಿರುವ ಬಗ್ಗೆ ಸವಿಸ್ತಾರವಾಗಿ ಮಾಹಿತಿ ನೀಡಿದರು. ದೀಪಸ್ತಂಭವಿನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಆಗ ದಾಖಲಾದ ಹೇಳಿಕೆ:

"ಅಯ್ಯೋ ಮೇರಿಯಮ್ಮ, ಇಷ್ಟು ವರ್ಷ ನನ್ನ ಕಾಪಾಡಿದ್ದು ಆ ಸದ್ದೇನಾ! ಲೆನ್ನಿ, ಗಾಡಿ ತಿರುಗ್ಸು. ಸೀದಾ ರಸ್ ಹತ್ರ ನಡಿ. ಅವನ ಹತ್ರ ಇರೋದ್ರಲ್ಲಿ ಜೋರಾಗಿರೋದು ಹಾಕ್ಸು."

"ಜೋರಾ? ನೀನೇ ಹೇಳ್ತಿದ್ದೀಯಾ, ಡೆಲ್ಲಿ?"

"ಹೌದು, ನಾನೇ ಹೇಳ್ತಿದ್ದೀನಿ. ಆದ್ರೆ ಈ ಸಲ ಬಾಲದ ಹಿಂದೆ ನಿಂತು ಕೇಳೋದಲ್ಲ. ನಾನು ಒಳಗೆ ಕೂತು ಆರಿಸ್ತೀನಿ. ನೀನು ಸುಮ್ನೆ ಮಾತಾಡ್ತಾ ಓಡಿಸು."

೧೦. ಅದರಂತೆ ಶ್ರೀಮತಿಯವರು ರಸ್ ಅವರ ಷೆಡ್ಡಿನ ಸೈಲೆನ್ಸರುಗಳನ್ನು ಒಂದೊಂದಾಗಿ ಹಾಕಿಸಿ, ಹೆದ್ದಾರಿಗೆ ಹೋಗಿ ಬಂದು, ಸಂಜೆಯ ಹೊತ್ತಿಗೆ ಒಂದನ್ನು ಅಂಗೀಕರಿಸಿದ್ದಾರೆ. ಅವರ ಅಳತೆಯನ್ನೇ ಸಂಘದ ಅಧಿಕೃತ ಅಳತೆಯೆಂದು ಈ ಮೂಲಕ ಘೋಷಿಸಲಾಗಿದೆ: ಅರವತ್ತು ಮೈಲಿ ವೇಗದಲ್ಲಿ ಹಲ್ಲು ಅಲ್ಲಾಡಬಾರದು, ಗಂಡನ ಬಾಯಿ ಆಡುತ್ತಿರುವುದು ಕಾಣಬೇಕು, ಮಾತು ಕೇಳಿಸಬಾರದು.

೧೧. ಈ ಹಿಂದಿನ ಎಲ್ಲ ಅಳತೆಗಳನ್ನು, ಸಲಾಡು ಸಹಿತ, ರದ್ದುಪಡಿಸಲಾಗಿದೆ. ಶನಿವಾರದ ಮೆರವಣಿಗೆಯಲ್ಲಿ ಕಿತ್ತಳೆ ಬಣ್ಣದ ಕಾರಿನ ಬಲಗಡೆಯ ಸೀಟು ಭರ್ತಿಯಾಗಿರುತ್ತದೆ. ಸಾರ್ವಜನಿಕರು ಕೈಬೀಸಲು ಸಿದ್ಧರಿರತಕ್ಕದ್ದು. ಕಿವಿ ಮುಚ್ಚಿಕೊಳ್ಳಲು ಮತ್ತೊಂದು ಕೈಯನ್ನು ಬಳಸಬಹುದು.

(ಸಹಿ/-)
ಲೆನಾರ್ಡ್ ವಿಟ್ಕೋವ್ಸ್ಕಿ
ಮುಖ್ಯಾಧಿಕಾರಿ, ಸದ್ದು ವಿಭಾಗ
ಮತ್ತು ಐದು ಕೌಂಟಿಗಳಲ್ಲೇ ಅತ್ಯುತ್ತಮ ಚಾಲಕ (ಸ್ವಯಂ ದೃಢೀಕೃತ)

ಪ್ರತಿಗಳು:
೧. ರಸ್ ಹಾಲ್ವರ್ಸನ್, ಮೆಕ್ಯಾನಿಕ್. ಟೋಪಿಯನ್ನು ಮತ್ತೆ ಧರಿಸಬಹುದೆಂಬ ಸೂಚನೆಯೊಂದಿಗೆ.
೨. ಪೇದೆ ಗುಂಡರ್ಸನ್. ಶನಿವಾರ ರೇಡಿಯೋ ಆಫ್ ಮಾಡಿಕೊಂಡಿರಲು.
೩. ಬರ್ನಿಸ್, ಎದುರು ಮನೆ. ಪಾತ್ರೆ ಮಾತ್ರ ಲಗತ್ತಿಸಿದೆ.
೪. ಕೆನಡಾದ ಬಾತುಗಳು. ಮಾಹಿತಿಗಾಗಿ.
೫. ನಾಯಿ. ಜಗಲಿಯ ಅಡಿಯಿಂದ ಹೊರಬರಲು ಇದು ಸಕಾಲವಲ್ಲವೆಂದು ತಿಳಿಸಲು.
೬. ಶ್ರೀಮತಿ ಡೆಲ್ಫೀನ್ ವಿಟ್ಕೋವ್ಸ್ಕಿ. ಬಲಗಡೆಯ ಸೀಟಿನಲ್ಲಿ ಕುಳಿತಿದ್ದಾಗ ಪೂರ್ತಿ ಓದಿ ಹೇಳಲಾಗಿದೆ. ಎಂಜಿನ್ ಚಾಲೂ ಇತ್ತು. ಮುಗುಳ್ನಕ್ಕು ತಲೆಯಾಡಿಸಿದ್ದಾರೆ.