ಪೋಸ್ಟ್‌ಕೋಡಿಗೊಂದು ರಾಹುಕಾಲ

ವಾದ ಗೆಲ್ಲುವುದು ನನಗೊಂದು ಚಟವಾಗಿದೆ ಎಂದು ಮನೆಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಒಪ್ಪಿದರೆ ಅದೂ ಒಂದು ಸೋಲು. ಯೂನಿವರ್ಸಿಟಿಯ ಡಿಬೇಟ್ ತಂಡದಲ್ಲಿ ಮೂರು ವರ್ಷ ಕಲಿತದ್ದು ಇಷ್ಟೇ: ಎದುರಾಳಿಯ ನಂಬಿಕೆಯನ್ನು ಅಲ್ಲಗಳೆಯಬೇಡ, ಅದನ್ನೇ ಹಿಡಿದು ಅವರನ್ನು ಮೂಲೆಗೆ ತಳ್ಳು. ಈ ವಿದ್ಯೆಯನ್ನು ಅಮ್ಮನ ಮೇಲೆ ಪ್ರಯೋಗಿಸಿದ್ದು ನನ್ನ ತಪ್ಪು.

ನಮ್ಮದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಅಂಚಿನ ಬಡಾವಣೆ. ಇಲ್ಲಿ ಜನ ವಾಸಿಸುವುದಿಲ್ಲ, ಮಲಗಿ ಎದ್ದು ಲೀಡ್ಸ್‌ಗೆ ಹೋಗುತ್ತಾರೆ. ಏಳು ಇಪ್ಪತ್ತೆರಡರ ರೈಲು ಹೊರಟಿತೆಂದರೆ ಬೀದಿಯಲ್ಲಿ ಉಳಿಯುವುದು ಬೆಕ್ಕುಗಳು, ಅಮ್ಮ, ಮತ್ತು ಎಂಟು ತಿಂಗಳಿಂದ ಕೆಲಸ ಹುಡುಕುತ್ತಿದ್ದ ನಾನು. ಜೂನ್‌ನ ಒಂದು ಸೋಮವಾರ ಒಂಬತ್ತೂ ಕಾಲಿಗೆ ಲೀಡ್ಸ್‌ನಲ್ಲಿ ಇಂಟರ್‌ವ್ಯೂ ಗೊತ್ತಾಯಿತು. ಪಾಸ್‌ಪೋರ್ಟ್ ತೋರಿಸದಿದ್ದರೆ ಒಳಗೇ ಬಿಡುವುದಿಲ್ಲ ಎಂದು ಬರೆದಿದ್ದರು.

ಭಾನುವಾರ ಅಮ್ಮ ಹುಬ್ಬಳ್ಳಿಯಿಂದ ತರಿಸಿದ ಕ್ಯಾಲೆಂಡರ್ ತೋರಿಸಿದಳು. "ಏಳೂವರಿಗೆ ರಾಹುಕಾಲ ಹತ್ತತೈತಿ. ಅದರಾಗ ಹೊಂಡಬ್ಯಾಡ."

ನನಗೆ ಏಳು ಐವತ್ತೆರಡರ ರೈಲೇ ಬೇಕಿತ್ತು. "ನಮ್ಮ ಶರಣರೇ ಇದನ್ನೆಲ್ಲ ಬಿಡಿ ಅಂದಿದ್ದಾರಲ್ಲಮ್ಮ?"

"ಶರಣರಿಗೆ ಇಂಟರ್‌ವ್ಯೂ ಇರಲಿಲ್ಲ."

ಸರಿ, ವಿದ್ಯೆ ಹೊರತೆಗೆದೆ. "ರಾಹುಕಾಲ ಇದೆ, ಒಪ್ಪಿದೆ. ಆದರೆ ಇದು ಹುಬ್ಬಳ್ಳಿ ಸೂರ್ಯನ ಲೆಕ್ಕ. ಇಲ್ಲಿ ನಾಲ್ಕೂವರೆಗೇ ಬೆಳಗಾಗುತ್ತೆ, ಸೂರ್ಯ ಮುಳುಗೋದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ." ಹಡರ್ಸ್‌ಫೀಲ್ಡಿನ ಹಗಲನ್ನು ಎಂಟು ಭಾಗ ಮಾಡಿ, ಸೋಮವಾರದ ಪಾಲಾದ ಎರಡನೆಯದನ್ನು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆ: ಆರು ನಲವತ್ತಮೂರರಿಂದ ಎಂಟು ಐವತ್ತೊಂದು. ನನ್ನ ರೈಲು ಈ ಲೆಕ್ಕದಲ್ಲೂ ರಾಹುವಿನ ನಟ್ಟನಡುವೆಯೇ ಬೀಳುತ್ತದೆಂಬುದು ಗೆದ್ದ ಖುಷಿಯಲ್ಲಿ ಹೊಳೆಯಲಿಲ್ಲ. ಅಮ್ಮ ಚೀಟಿಯನ್ನು ಬಹಳ ಹೊತ್ತು ನೋಡಿ, "ಖರೇ ಐತಿ" ಎಂದಳು. ನಾನು ಸುಖವಾಗಿ ನಿದ್ದೆಹೋದೆ.

ಸೋಮವಾರ ಏಳು ಮೂವತ್ತೈದಕ್ಕೆ ಶೂ ಹಾಕಿ ನೋಡಿದರೆ, ರಾತ್ರಿಯೇ ತುಂಬಿಟ್ಟಿದ್ದ ಚೀಲವಿಲ್ಲ.

"ಬಾಜೂಮನಿ ಲಿಂಡಾನ ಕಡೆ ಇಟ್ಟೀನಿ," ಎಂದಳು ಅಮ್ಮ. "ಆರು ನಲವತ್ತಕ್ಕ. ನಿನ್ನ ಲೆಕ್ಕಾನ."

ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಒಳ್ಳೆಯ ಹೊತ್ತಿನಲ್ಲಿ ನಿಮ್ಮದೊಂದು ಸಾಮಾನು ಬೇರೆಯವರ ಮನೆ ಸೇರಿದರೆ, ಆಮೇಲೆ ನೀವು ಯಾವಾಗ ಹೊರಟರೂ ಆಗಲೇ ಹೊರಟಂತೆ. ಹುಬ್ಬಳ್ಳಿಯಲ್ಲಿ ಪಕ್ಕದ ಮನೆಯ ಬಾಗಿಲು ದಿನವಿಡೀ ತೆರೆದಿರುತ್ತದೆ. ಇಲ್ಲಿ ಲಿಂಡಾ ಏಳು ಇಪ್ಪತ್ತೆರಡರ ರೈಲಿನವಳು! ಮೂರು ಸಲ ಬೆಲ್ ಒತ್ತಿದೆ. ಕಿಟಕಿಯಿಂದ ಬೆಕ್ಕು ನನ್ನನ್ನು ನೋಡಿ ಆಕಳಿಸಿತು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

"ಪಾಸ್‌ಪೋರ್ಟ್ ಅದರಲ್ಲೇ ಇದೆಯಮ್ಮ!"

ಅಮ್ಮನ ಮುಖ ಬಿಳಿಚಿತು. "ನಾ ತಪ್ಪು ಮಾಡಿದ್ನೇನವಾ?" ಅಮ್ಮ ಹೀಗೆ ಕೇಳಿದ್ದು ಅದೇ ಮೊದಲು. ಬೀಗ ಹಾಕಿದ ಬಾಗಿಲಿಗಿಂತ ನನಗೆ ಅದೇ ಹೆಚ್ಚು ಭಯ ಹುಟ್ಟಿಸಿತು.

ಮೂರನೆಯ ಸಲ ಲಿಂಡಾ ಎತ್ತಿದಳು. ಹಿಂದೆ ರೈಲಿನ ಸದ್ದು. "ಚೀಲವಾ? ನನ್ನ ತೊಡೆಯ ಮೇಲೇ ಇದೆ, ಲವ್. ನಿಮ್ಮಮ್ಮ 'ಲೀಡ್ಸ್, ಇಂಟರ್‌ವ್ಯೂ' ಅಂತ ಕೊಟ್ಟುಹೋದರು. ಅಲ್ಲಿಗೆ ತಲುಪಿಸೋದಕ್ಕೆ ಅಂದುಕೊಂಡೆ."

ಓಡಿ ರೈಲು ಹಿಡಿದೆ. ಲೀಡ್ಸ್ ನಿಲ್ದಾಣದ ಗೇಟಿನಲ್ಲಿ ಲಿಂಡಾ ತನ್ನ ಆಫೀಸಿಗೆ ತಡಮಾಡಿಕೊಂಡು, ಚೀಲವನ್ನು ಮಗುವಿನಂತೆ ಅಪ್ಪಿ ನಿಂತಿದ್ದಳು.

ಕೆಲಸ ಸಿಕ್ಕಿತು. "ಚೀಲಾ ಹೊತ್ತಿಗೆ ಸರಿಯಾಗಿ ಹೊಂಟಿತ್ತು" ಎಂದಳು ಅಮ್ಮ. ನನ್ನ ಬಳಿ ಮೂರು ಪ್ರತಿವಾದಗಳು ಸಿದ್ಧವಿದ್ದವು. ಆದರೆ ಫ್ರಿಜ್ ಮೇಲಿನ ಕೈಬರಹ ನನ್ನದು.

ಮೊನ್ನೆ ವುಲ್ವರ್‌ಹ್ಯಾಂಪ್ಟನ್‌ನ ಡಾಕ್ಟರ್ ಆಂಟಿಯೊಬ್ಬರ ಫೋನ್. "ಶುಕ್ರವಾರ ಹೊಸ ಮನೆಗೆ ಹೋಗ್ತಾ ಇದೀವಿ ಕಣೇ. ಇಲ್ಲಿನ ರಾಹುಕಾಲ ನೀನು ಕರೆಕ್ಟಾಗಿ ಹೇಳ್ತೀಯಂತೆ?"

"ಆಂಟಿ, ಇದೆಲ್ಲ ಶುದ್ಧ..." ಎಂದು ಶುರುಮಾಡಿದೆ. ಅಷ್ಟರಲ್ಲಿ ಅವರು, "ಪರವಾಗಿಲ್ಲ ಬಿಡು, ಕ್ಯಾಲೆಂಡರ್‌ನಲ್ಲಿ ಇರೋದನ್ನೇ ಹಿಡೀತೀವಿ" ಎಂದರು.

ಕಣ್ಣೆದುರೇ ತಪ್ಪು ಲೆಕ್ಕ! ಅದನ್ನು ಹೇಗೆ ಬಿಡುವುದು?

"ನಿಮ್ಮ ಹೊಸ ಪೋಸ್ಟ್‌ಕೋಡ್ ಹೇಳಿ" ಎಂದೆ.