ಒಂದು ಚುಕ್ಕಿಗಾಗಿ ಹೋದ ಎಳ್ಳಮಾಸಿ

ಗೆರೆ ತಪ್ಪಿದ್ದನ್ನು ಕಂಡರೆ ನನಗೆ ತಡೆಯುವುದಿಲ್ಲ. ಗೋಡೆಯ ಕ್ಯಾಲೆಂಡರ್ ಓರೆಯಾಗಿದ್ದರೆ ಊಟ ಬಿಟ್ಟೆದ್ದು ಸರಿಮಾಡುವ ಆಸಾಮಿ ನಾನು. ಇಂಥವನನ್ನು ತಾಂಡೂರಿನ ಸಿಮೆಂಟ್ ಕಾರ್ಖಾನೆಯವರು ಕಂಪ್ಯೂಟರ್‌ಗೆ ಪ್ರೋಗ್ರಾಂ ಬರೆಯಲು ಕೂರಿಸಿದರು. 'ಹೀಗಿದ್ದರೆ ಹೀಗೆ ಮಾಡು' ಎಂಬ ಷರತ್ತಿಗೆ ಸೇರಿದ ಸಾಲುಗಳನ್ನು ನಾಲ್ಕಕ್ಷರ ಒಳಗೆ ಸರಿಸಿ, ಷರತ್ತು ಮುಗಿದೊಡನೆ ಹೊರಗಿನ ಅಂಚಿಗೆ ಬಂದು, ಸೀರೆಯ ನೆರಿಗೆ ಹಿಡಿದಂತೆ ಬರೆಯುತ್ತಿದ್ದೆ. ನೋಡಿದವರೆಲ್ಲ ಮೆಚ್ಚುತ್ತಿದ್ದರು. ಕಂಪ್ಯೂಟರ್ ಮಾತ್ರ ನೋಡುತ್ತಲೇ ಇರಲಿಲ್ಲ. ಅದಕ್ಕೆ ಷರತ್ತಿನ ಕೊನೆಗೆ ಒಂದು ಚುಕ್ಕಿ ಬೇಕು. ಚುಕ್ಕಿ ಇಲ್ಲದಿದ್ದರೆ ಷರತ್ತು ಇನ್ನೂ ಮುಗಿದಿಲ್ಲವೆಂದು ಹಟ! ಎದುರಿಗಿರುವುದು ಕಾಣದ ಮೇಲೆ ಅದೆಂಥ ಬುದ್ಧಿವಂತ ಯಂತ್ರವೋ, ನನಗಂತೂ ತಲೆಚಿಟ್ಟು ಹಿಡಿದುಹೋಗಿತ್ತು.

ಆ ವರ್ಷದ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹೊಲದೂಟಕ್ಕೆ, ರಾಯಿಕೋಡಿನ ಮಾವನವರ ಹೊಲಕ್ಕೆ ಬಂದೇ ಬರುತ್ತೇನೆಂದು ಹೆಂಡತಿ ಗಂಗಮ್ಮನಿಗೆ ಮಾತು ಕೊಟ್ಟಿದ್ದೆ. ಎರಡು ವರ್ಷ ತಪ್ಪಿಸಿದವನಿಗೆ ಇದು ಕೊನೆಯ ಅವಕಾಶ. ಹಿಂದಿನ ದಿನ, ಹಬ್ಬದಂದು ಯಾರಿಗೆ ಕೆಲಸ ಯಾರಿಗೆ ರಜೆ ಎಂಬ ಪಟ್ಟಿ ಅಚ್ಚಾಗಬೇಕಿತ್ತು. ನಾನು ಬರೆದ ಪ್ರೋಗ್ರಾಂ ಇಷ್ಟೇ: ರಜೆ ಕೇಳಿದ್ದರೆ ಅರ್ಜಿಯ ಗುರುತು ಹಾಕು, ಆಮೇಲೆ "ರಜೆ" ಎಂದು ಬರೆ; ಇವೆರಡೂ ಒಳಗಿನ ಸಾಲುಗಳು. ಹೆಸರು ಅಚ್ಚುಹಾಕು ಎಂಬುದು ಎಲ್ಲರಿಗೂ ಸಲ್ಲುವ ಹೊರಗಿನ ಸಾಲು. ಅದಕ್ಕೆ ಮುಂಚೆ ಚುಕ್ಕಿ ಇಡಲು ಮರೆತಿದ್ದೆ. ರಜೆ ಕೇಳಿದವರ ಹೆಸರಷ್ಟೇ ಅಚ್ಚಾಯಿತು. ಕೆಲಸಕ್ಕೆ ಬರಬೇಕಾದವರು ಪಟ್ಟಿಯಲ್ಲೇ ಇಲ್ಲ!

"ಸಾಲು ಒಳಗದನೋ ಹೊರಗದನೋ ನನಗ ಕಾಣ್ತದರಿ, ಅದಕ್ಕ ಕಾಣಂಗಿಲ್ಲ. ಚುಕ್ಕಿ ಇಡ್ರಿ" ಎಂದರು ನಮ್ಮ ಮೇಲಧಿಕಾರಿ ಬಸವಣಪ್ಪನವರು.

"ಅಷ್ಟೂ ಕಾಣಂಗಿಲ್ಲಂದ್ರ ಅದಕ್ಕ ಏಸಿ ಕೋಣಿ ಯಾಕ್ರಿ ಸಾಹೇಬ್ರ?" ಎಂದೆ.

"ಅದು ನಿಮ್ಹಾಂಗ ಮಾತಾಡಂಗಿಲ್ಲ, ಅದಕ್ಕ."

ಮೈಯೆಲ್ಲ ಉರಿಯಿತು. ಎಷ್ಟು ಬೇಕೋ ತಿನ್ನು ಎಂದು ಹಲ್ಲು ಕಚ್ಚಿ, ಷರತ್ತಿನ ಕೆಳಗಿನ ಪ್ರತಿ ಸಾಲಿಗೂ ಒಂದೊಂದು ಚುಕ್ಕಿ ಕುಕ್ಕಿದೆ. ಈ ಸಲ ಹೆಸರುಗಳೆಲ್ಲ ಬಂದವು. ಪಟ್ಟಿಯನ್ನು ಓದದೆ ಫಲಕಕ್ಕೆ ಅಂಟಿಸಿ ಮನೆಗೆ ಓಡಿದೆ.

ಬೆಳಿಗ್ಗೆ ಗಂಗಮ್ಮ ಸಜ್ಜೆ ರೊಟ್ಟಿಯ ಗಂಟು ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಬಸವಣಪ್ಪನವರನ್ನು ಹೊತ್ತು ಕಾರ್ಖಾನೆಯ ಜೀಪು ಬಂತು. ಅರ್ಜಿಯ ಗುರುತು ಹಾಕುವ ಸಾಲಿನ ಕೊನೆಗೆ ನಾನಿಟ್ಟ ಚುಕ್ಕಿಗೆ ಷರತ್ತು ಅಲ್ಲೇ ಮುಗಿದು, "ರಜೆ" ಎಂಬುದು ಕೇಳಿದವರಿಗೂ ಕೇಳದವರಿಗೂ ಸಿಕ್ಕಿಬಿಟ್ಟಿತ್ತು.

"ಎಲ್ಲಾರೂ ಹೊಲಕ್ಕ ಹೋಗ್ಯಾರ. ನೀವೊಬ್ರೇ ಸಿಕ್ಕೀರಿ, ಹತ್ರಿ" ಎಂದರು ಬಸವಣಪ್ಪನವರು.

ಗಂಗಮ್ಮ ನನ್ನ ಮುಖ ನೋಡಲಿಲ್ಲ. "ನಾ ಹೋಗಿ ಬರ್ತೀನ್ರಿ" ಎಂದು ಅವರಿಗೆ ಹೇಳಿ ಬಸ್ಸಿಗೆ ನಡೆದಳು.

ಮರುದಿನ, ಕೇಳದೆ ರಜೆ ಸಿಕ್ಕ ಖುಷಿಗೆ ನನ್ನ ಕೈಹಿಡಿದು ಹರಸಿದವರಿಗೆ ಲೆಕ್ಕವಿಲ್ಲ. ತಾಂಡೂರಿನ ಸುತ್ತಲಿನ ಹೊಲಗಳ ಭಜ್ಜಿ, ಹಬ್ಬದ ಆ ಕಾಳು-ಸೊಪ್ಪಿನ ಪಲ್ಯವೆಲ್ಲ, ಡಬ್ಬಿ ಡಬ್ಬಿಯಾಗಿ ನನ್ನ ಮೇಜಿನ ಮೇಲೆ ಬಂದು ಕೂತಿತು. ಮಾವನವರ ಹೊಲದ್ದು ಮಾತ್ರ ಬರಲಿಲ್ಲ. ಗಂಗಮ್ಮನೂ ನಾಲ್ಕು ದಿನ ಬರಲಿಲ್ಲ.